ಬಿದರಿ ಕೀಚೈನ್, ಒಂದು ವರ್ಷದ ನಂತರ: ‘ಚಿಂ’ ಹೋಗಿ ‘ಚಿ’ ಆಯಿತು

ಮೊದಲೇ ಹೇಳಿಬಿಡುತ್ತೇನೆ, ಅಂಗಡಿ ಹೆಸರು ಬರೆಯುವುದಿಲ್ಲ. ಕೆಲಸ ಚೆನ್ನಾಗಿದೆ, ಆದರೆ ಅವರು ನಮ್ಮನ್ನು ಕಾಯಿಸಿದ್ದು ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ. ಬೀದರ್‌ನ ಚೌಬಾರಾದಿಂದ ಕೋಟೆ ಕಡೆ ನಡೆಯುತ್ತಾ ಹೋದರೆ ಬಿದರಿ ಅಂಗಡಿಗಳು ಸಾಲಾಗಿ ಸಿಗುತ್ತವೆ, ಅದರಲ್ಲಿ ಒಂದು ಅಂದುಕೊಳ್ಳಿ.

ತಗೊಂಡಿದ್ದು ಐದು ಬಿದರಿ ಕೀಚೈನ್. ಬಿದರಿ ಅಂದರೆ ಕಪ್ಪು ಲೋಹದ ಮೇಲೆ ಬೆಳ್ಳಿ ಕೂರಿಸುವ ಬೀದರ್‌ನ ಕೈಕೆಲಸ. ಒಂದಕ್ಕೆ 450 ರೂಪಾಯಿ. ಬಳಸಿ ಒಂದು ವರ್ಷದ ಮೇಲೆ ಎರಡು ತಿಂಗಳು.

ಐದು ಯಾಕೆ ಅಂದರೆ ನಾವು ಐದು ಜನ. ಕಲಬುರಗಿಯಲ್ಲಿ ಎಂ.ಎ. ಓದುವಾಗ ನಮ್ಮಲ್ಲಿ ಯಾರೂ ಯಾರನ್ನೂ ಹೆಸರು ಹಿಡಿದು ಕರೆದವರಲ್ಲ, ಊರು ಹಿಡಿದೇ ಕರೆಯುವುದು: ಆಳಂದ, ಸುರಪುರ, ಚಿಂಚೋಳಿ, ಹುಮನಾಬಾದ್. ನಾನು ಸೇಡಂ. ಕೊನೆಯ ಸೆಮಿಸ್ಟರ್ ಶುರುವಾದ ದಿನ ಚಹಾ ಕುಡಿಯುತ್ತಾ ಒಂದು ಬಕೆಟ್ ಲಿಸ್ಟ್ ಮಾಡಿದೆವು. ಒಟ್ಟು 21 ಐಟಂ. ವಾಟ್ಸಾಪ್ ಗ್ರೂಪಿಗೂ ‘ಇಪ್ಪತ್ತೊಂದು’ ಅಂತಲೇ ಹೆಸರಿಟ್ಟೆವು. ಯಾದಗಿರಿ ಕೋಟೆ ಹತ್ತಿ ಸೂರ್ಯ ಹುಟ್ಟುವುದನ್ನು ನೋಡಬೇಕು, ಶಹಾಪುರದ ಮಲಗಿದ ಬುದ್ಧನ ಬೆಟ್ಟ ಪೂರ್ತಿ ಒಂದೇ ಫೋಟೋದಲ್ಲಿ ಬರಬೇಕು, ಸನ್ನತಿಗೆ ಹೋಗಿ ಅಶೋಕನ ಶಾಸನ ಸಿಕ್ಕ ಜಾಗ ನೋಡಬೇಕು, ಬೀದರ್‌ನ ಗುಹೆ ದೇವಸ್ಥಾನ ನರಸಿಂಹ ಝರಣಿಯಲ್ಲಿ ಎದೆಮಟ್ಟದ ನೀರಲ್ಲಿ ಕೊನೆತನಕ ನಡೆಯಬೇಕು. ಇವೆಲ್ಲ ಮರ್ಯಾದೆಯ ಐಟಂ. ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿನಲ್ಲಿ ನಿಂತು ಬಿಸಿ ಮಿರ್ಚಿ ಭಜಿ ತಿನ್ನಬೇಕು ಅನ್ನುವುದು ಹುಮನಾಬಾದ್‌ನ ಐಟಂ. ಅದನ್ನೂ ಮಾಡಿದೆವು. ಯಾರಿಗೂ ಮಾಡಿ ಅಂತ ಹೇಳುವುದಿಲ್ಲ.

ಒಂಬತ್ತನೆಯದು: ಐದು ಜನಕ್ಕೂ ಒಂದೇ ತರಹದ ಬಿದರಿ ಸಾಮಾನು ಮಾಡಿಸಬೇಕು. ಶೋಕೇಸಿನಲ್ಲಿ ಇಡುವಂಥದ್ದು ಬೇಡ, ಜೇಬಿನಲ್ಲಿ ಇರಬೇಕು. ಈ ಷರತ್ತು ಸುರಪುರದ್ದು. ಅವರ ಮನೆಯಲ್ಲಿ ಮದುವೆಗೆ ಬಂದ ಬಿದರಿ ಹೂದಾನಿ ಡಬ್ಬಿಯಿಂದ ಹೊರಗೇ ಬಂದಿಲ್ಲವಂತೆ.

ಹಾಗೆ ಫೆಬ್ರವರಿಯ ಒಂದು ಭಾನುವಾರ ಕಲಬುರಗಿಯಿಂದ ಬೆಳಗಿನ ರೈಲು ಹಿಡಿದೆವು. ಈ 110 ಕಿಲೋಮೀಟರ್ ಲೈನ್ ಶುರುವಾಗಿದ್ದು 2017ರಲ್ಲಿ. ಅದಕ್ಕೂ ಮೊದಲು ಬೀದರ್ ಅಂದರೆ ಬಸ್ಸೇ, ಬಸ್ಸು ಅಂದರೆ ಸೊಂಟ ನೋವೇ. ಇಳಿದವರು ಸೀದಾ ನಾನಕ್ ಝೀರಾ ಗುರುದ್ವಾರಕ್ಕೆ ಹೋಗಿ ಲಂಗರ್‌ನಲ್ಲಿ ಊಟ ಮಾಡಿದೆವು. ಆಮೇಲೆ ಕೋಟೆ. ಕೋಟೆಯ ರಂಗೀನ್ ಮಹಲಿನಲ್ಲಿ ಕಪ್ಪು ಕಲ್ಲಿನೊಳಗೆ ಮುತ್ತಿನ ಚಿಪ್ಪು ಕೂರಿಸಿದ್ದಾರೆ. ಬಿದರಿ ಕೊಳ್ಳುವ ಮುಂಚೆ ಅದನ್ನು ನೋಡಿ. ಕರಿ ಮೈಯಲ್ಲಿ ಬಿಳಿ ಮಿಂಚುವುದು ಎಷ್ಟು ಚೆಂದ ಅಂತ ಅಲ್ಲೇ ಗೊತ್ತಾಗುತ್ತದೆ, ಆಮೇಲೆ ಅಂಗಡಿಯವರು ಏನು ತೋರಿಸಿದರೂ ಅದಕ್ಕೆ ಹೋಲಿಸಿ ನೋಡಬಹುದು. ದಾರಿಯಲ್ಲಿ ಮಹಮೂದ್ ಗವಾನ್ ಮದರಸಾ. 1472ರದ್ದು. ಅದರ ಮೆಟ್ಟಿಲ ಮೇಲೆ ಕೂತು ಇಂಟರ್ನಲ್ ಮಾರ್ಕ್ಸ್ ಬಗ್ಗೆ ಜಗಳ ಆಡಿದೆವು, ಅದು ಲಿಸ್ಟಿನಲ್ಲಿ ಇರಲಿಲ್ಲ.

ಅಂಗಡಿಯ ಮುಂಭಾಗ ಮಾರಾಟಕ್ಕೆ, ಹಿಂದೆ ಕೆಲಸದ ಜಾಗ. ನಾವು ನೋಡಬಹುದಾ ಅಂತ ಕೇಳಿದ್ದಕ್ಕೆ ಅಲ್ಲಿದ್ದ ಹಿರಿಯರು ಬೇಜಾರಿಲ್ಲದೆ ಒಳಗೆ ಕರೆದರು. ಚಾಚಾ ಅಂತಲೇ ಕರೆದೆವು. ಒಂದು ಗಂಟೆಗೂ ಜಾಸ್ತಿ ಕೂತಿದ್ದೇವೆ, ಒಮ್ಮೆಯೂ ಇದನ್ನು ತಗೋ ಅದನ್ನು ತಗೋ ಅನ್ನಲಿಲ್ಲ.

ಕೆಲಸ ಹೇಗೆ ಅಂದರೆ, ಸತು ಜಾಸ್ತಿ, ತಾಮ್ರ ಸ್ವಲ್ಪ ಸೇರಿಸಿ ಕರಗಿಸಿ ಮರಳಿನ ಅಚ್ಚಿಗೆ ಹೊಯ್ಯುತ್ತಾರೆ. ಬಂದ ತುಂಡನ್ನು ಅರದಿಂದ ಉಜ್ಜಿ ನುಣುಪು ಮಾಡುತ್ತಾರೆ. ಅದು ಬೆಳ್ಳಗಿರುತ್ತದೆ, ಗೆರೆ ಎಳೆದರೆ ಕಾಣುವುದಿಲ್ಲ, ಹಾಗಾಗಿ ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಳ್ಳುತ್ತಾರೆ. ಅದರ ಮೇಲೆ ಚಿತ್ರ ಬರೆಯುವುದು ಬರಿಗೈಯಲ್ಲಿ. ಮಾದರಿ ಕಾಗದ ಏನೂ ಇಲ್ಲ. ಆಮೇಲೆ ಸಣ್ಣ ಉಳಿಯಿಂದ ಗೆರೆ ಕೊರೆದು ಆ ಸಂದಿಗೆ ಬೆಳ್ಳಿ ತಂತಿ ಇಟ್ಟು ಸುತ್ತಿಗೆಯಿಂದ ತಟ್ಟಿ ತಟ್ಟಿ ಕೂರಿಸುತ್ತಾರೆ. ಮತ್ತೆ ಉಜ್ಜುತ್ತಾರೆ. ಅಷ್ಟೊತ್ತಿಗೆ ತಾತ್ಕಾಲಿಕ ಕಪ್ಪು ಹೋಗಿ ಬೆಳ್ಳಿ ಯಾವುದು ಸತು ಯಾವುದು ಅಂತ ಗೊತ್ತೇ ಆಗುವುದಿಲ್ಲ. ಅಂಥ ಒಂದು ಡಬ್ಬಿ ಕೈಯಲ್ಲಿ ಹಿಡಿದು ಆಳಂದ ಕೇಳಿದ, ‘ಚಾಚಾ, ಇದ್ರಾಗ ಡಿಸೈನೇ ಕಾಣಲ್ದಲ್ಲ?’

‘ತಡಿ ಬೇಟಾ, ಮಣ್ಣಿಂದು ಕೆಲ್ಸ ಇನ್ನಾ ಅದ’ ಅಂದರು.

ಆ ಮಣ್ಣು ಬೀದರ್ ಕೋಟೆಯದು. ಬಿಸಿಲು ಮಳೆ ತಾಗದ ಹಳೆಯ ಜಾಗದ್ದೇ ಆಗಬೇಕು. ಒಳ್ಳೆಯದೋ ಇಲ್ಲವೋ ಅಂತ ನಾಲಿಗೆಗೆ ಹಚ್ಚಿ ನೋಡುತ್ತಾರೆ. ನವಸಾಗರದ ಜೊತೆ ನೀರಲ್ಲಿ ಕಲಸಿ ಬಿಸಿ ಮಾಡಿದ ಸಾಮಾನಿಗೆ ಅದನ್ನು ಉಜ್ಜಿದರೆ ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ನಮ್ಮ ಕಣ್ಣೆದುರಿಗೇ ಆ ಬೋಳು ಡಬ್ಬಿಯ ಮೇಲೆ ಬಳ್ಳಿ ಎದ್ದು ಬಂತು. ಚಿಂಚೋಳಿ ವಿಡಿಯೋ ಮಾಡುತ್ತಿದ್ದಳು, ಬಾಯಿ ಬಿಟ್ಟುಕೊಂಡು ನೋಡುತ್ತಾ ಫೋನ್ ಕೆಳಗಿಳಿಸಿದ್ದಾಳೆ, ಕೊನೆಯ ಅರ್ಧ ನಿಮಿಷ ಬರೀ ನಮ್ಮ ಚಪ್ಪಲಿ.

ಬಿದರಿಗೆ 2006ರಲ್ಲಿ ಜಿಐ ಟ್ಯಾಗ್ (ಇಂಥ ಊರಿನದೇ ಅನ್ನುವ ಸರ್ಕಾರಿ ಗುರುತು) ಸಿಕ್ಕಿದೆ, ಬೀದರ್‌ನವರೇ ಆದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಿದೆ. ಇದನ್ನೆಲ್ಲ ಪರೀಕ್ಷೆಗೆ ಓದಿದ್ದೆವು. ಆದರೆ ಉಳಿ ಹಿಡಿದ ಬೆರಳು ಹೇಗಿರುತ್ತವೆ ಅಂತ ಅವತ್ತೇ ನೋಡಿದ್ದು. ಇಷ್ಟು ನೋಡಿದ ಮೇಲೆ 450ಕ್ಕೆ ಚೌಕಾಸಿ ಮಾಡಲು ನಮಗೆ ಬಾಯಿ ಬರಲಿಲ್ಲ. (ಹುಮನಾಬಾದ್ ಮಾಡಿದ. 500 ಹೇಳಿದ್ದು 450 ಆಗಿದ್ದು ಅವನಿಂದಲೇ.)

ಆರ್ಡರ್ ಇಷ್ಟು: ಎರಡು ಬೆರಳಗಲದ ಚೌಕ ಬಿಲ್ಲೆ, ಅಂಚಿಗೆ ಸಣ್ಣ ಬಳ್ಳಿ, ನಡುವೆ ಊರಿನ ಮೊದಲ ಅಕ್ಷರ. ಆ, ಸು, ಚಿಂ, ಹು, ಸೇ. ಕನ್ನಡ ಅಕ್ಷರದ ದುಂಡು ತಂತಿಗೆ ಚೆನ್ನಾಗಿ ಒಗ್ಗುತ್ತದೆ ಅಂತ ಚಾಚಾ ಖುಷಿಪಟ್ಟರು. ಅಡ್ವಾನ್ಸ್ ಸಾವಿರ ಕೊಟ್ಟೆವು. ಹದಿನೈದು ದಿನದಲ್ಲಿ ರೆಡಿ ಅಂದರು.

ಇನ್ನು ಸಿಟ್ಟಿನ ಭಾಗ. ಕೈಗೆ ಸಿಕ್ಕಿದ್ದು 41ನೇ ದಿನಕ್ಕೆ. ಚಾಚಾನದು ಕೆಲಸ ಮಾತ್ರ, ಫೋನ್ ಎತ್ತುವುದು ಗಲ್ಲೆಯ ಮೇಲೆ ಕೂರುವ ಹುಡುಗ. ಅವನದು ಒಂದೇ ಉತ್ತರ, ‘ನಾಳಿಗಿ ಆತದ್ರಿ ಅಣ್ಣಾ’. ಈ ನಾಳೆಗಳನ್ನು ಗ್ರೂಪಿನಲ್ಲಿ ಎಣಿಸಿದ್ದೇವೆ, ಒಂಬತ್ತು. ನಮ್ಮ ಬೀಳ್ಕೊಡುಗೆ ದಿನ ಎಲ್ಲರೂ ಕೀಚೈನ್ ಹಿಡಿದು ಫೋಟೋ ತೆಗೆಸಿಕೊಳ್ಳಬೇಕು ಅನ್ನುವುದು ಪ್ಲಾನ್. ಆ ಫೋಟೋದಲ್ಲಿ ಐದೂ ಜನ ಹಾಸ್ಟೆಲ್ ಬೀಗದ ಕೈ ಹಿಡಿದು ನಿಂತಿದ್ದೇವೆ. ಕೊನೆಗೆ ಹುಮನಾಬಾದ್ ತಾನೇ ಬೀದರ್‌ಗೆ ಹೋಗಿ ಅಂಗಡಿಯಲ್ಲಿ ಕೂತು ತಂದ. ಬಿಲ್ ಕೇಳಿದ್ದಕ್ಕೆ ವಿಸಿಟಿಂಗ್ ಕಾರ್ಡಿನ ಹಿಂದೆ ಬರೆದು ಕೊಟ್ಟಿದ್ದಾರೆ. ನೀವು ತಾರೀಖು ನೋಡಿಕೊಂಡು ಉಡುಗೊರೆ ಮಾಡಿಸುವವರಾದರೆ ಎರಡು ತಿಂಗಳು ಮೊದಲೇ ಹೇಳಿ, ಇಲ್ಲವೇ ರೆಡಿ ಇರುವುದನ್ನೇ ತಗೊಳ್ಳಿ.

ಬಳಕೆ ಹೇಗಿದೆ? ಮೊದಲನೆಯದು, ಭಾರ. ಜೀನ್ಸ್ ಜೇಬಿನಲ್ಲಿ ಪರವಾಗಿಲ್ಲ, ತೆಳು ಪ್ಯಾಂಟಿನ ಜೇಬು ಜೋತುಬೀಳುತ್ತದೆ. ಎರಡನೆಯದು, ಬೀಳಿಸಬೇಡಿ. ಗಟ್ಟಿ ಲೋಹ ಅಂದುಕೊಂಡು ಆಳಂದ ಟೈಲ್ಸ್ ಮೇಲೆ ಕೈಜಾರಿ ಬೀಳಿಸಿದ, ಒಂದು ಮೂಲೆ ಚೂರು ಹೋಯಿತು. ಬಾಗುವ ಮಾತೇ ಇಲ್ಲ, ಮುರಿಯುವುದೇ. ಮೂರನೆಯದು ಕಪ್ಪು. ಗಾಡಿ ಕೀ ತಾಗಿ ತಾಗಿ ನನ್ನದರ ಮೇಲೆ ಬಿಳಿ ಗೀಚು ಎದ್ದಿವೆ. ಕಲಬುರಗಿ ಬೇಸಿಗೆಯ ಬೆವರಿಗೆ ಬಣ್ಣ ಮಂಕಾಗುತ್ತದೆ. ಒಂದು ಹನಿ ಕೊಬ್ಬರಿ ಎಣ್ಣೆ ಹಾಕಿ ಹತ್ತಿ ಬಟ್ಟೆಯಲ್ಲಿ ಒರೆಸಿದರೆ ಕಪ್ಪು ಮತ್ತೆ ಕಳೆಗಟ್ಟುತ್ತದೆ, ಗೀಚು ಮಾತ್ರ ಹೋಗುವುದಿಲ್ಲ. ಸುರಪುರದ ತಾಯಿ ದೇವರ ಸಾಮಾನಿನ ಜೊತೆ ಇದನ್ನೂ ಹುಣಸೆಹಣ್ಣು ಹಾಕಿ ತಿಕ್ಕಿಬಿಟ್ಟಿದ್ದಾರೆ. ಅದು ಈಗ ಬೂದಿ ಬಣ್ಣ. ಹಾಗೆ ಮಾಡಬೇಡಿ, ಹುಳಿ ಹತ್ತಿರಕ್ಕೂ ಬರಕೂಡದು.

ಓದು ಮುಗಿದ ಮೇಲೆ ಒಬ್ಬೊಬ್ಬರು ಒಂದೊಂದು ಕಡೆ ಆದೆವು, ಲಿಸ್ಟಿನಲ್ಲಿ 13 ಮುಗಿದು 8 ಉಳಿದಿದೆ. ಗ್ರೂಪಿನಲ್ಲಿ ಈಗ ಒಂದು ನಿಯಮ ಇದೆ, ದಿನದಲ್ಲಿ ಏನಾದರೂ ನಡೆದರೆ ಕೀಚೈನ್ ಮುಂದೆ ಹಿಡಿದು ಫೋಟೋ ಹಾಕಬೇಕು. ದೊಡ್ಡ ಸಾಹಸ ಏನೂ ಬೇಕಿಲ್ಲ. ಆಳಂದ ಬೆಂಗಳೂರಿನಲ್ಲಿ ಮೂರು ಬಸ್ ಬದಲಾಯಿಸಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಹುಡುಕಿದ್ದು, ಸುರಪುರ ಪುಣೆಯ ಮಳೆಯಲ್ಲಿ ಪೂರ್ತಿ ನೆನೆದು ಇಂಟರ್‌ವ್ಯೂಗೆ ಹೋಗಿದ್ದು, ನಾನು ಕಮಲಾಪುರದಲ್ಲಿ ಗಾಡಿ ಪಂಕ್ಚರ್ ಆಗಿ ಕೂತು ಕೆಂಪು ಬಾಳೆಹಣ್ಣು ಆರು ತಿಂದಿದ್ದು, ಎಲ್ಲದರಲ್ಲೂ ಮೂಲೆಯಲ್ಲಿ ಈ ಕರಿ ಬಿಲ್ಲೆ ಇದೆ. ಶೋಕೇಸ್ ಬೇಡ ಅಂದಿದ್ದಕ್ಕೆ ಸುರಪುರಕ್ಕೆ ಥ್ಯಾಂಕ್ಸ್.

ಅಂಥ ಒಂದು ಫೋಟೋ ದೊಡ್ಡದು ಮಾಡಿ ನೋಡುವಾಗಲೇ ಹುಮನಾಬಾದ್ ಕಂಡುಹಿಡಿದ. ಹೈದರಾಬಾದ್ ಮೆಟ್ರೋದಲ್ಲಿ ಚಿಂಚೋಳಿ ಹಿಡಿದಿದ್ದ ಕೀಚೈನಿನಲ್ಲಿ ‘ಚಿಂ’ ಇಲ್ಲ, ಬರೀ ‘ಚಿ’ ಇದೆ. ಸೊನ್ನೆಯ ಬೆಳ್ಳಿ ಯಾವಾಗಲೋ ಎದ್ದುಹೋಗಿದೆ. ಅವತ್ತಿನಿಂದ ಅವಳು ಏನು ಬರೆದರೂ ನಾಲ್ಕು ಜನ ‘ಚಿ’ ಅಂತಲೇ ಉತ್ತರ ಕೊಡುವುದು. ಮಾಡಿಸುವವರು ಗಮನಿಸಿ: ಉದ್ದ ಗೆರೆ ಎಷ್ಟು ಉಜ್ಜಿದರೂ ನಿಲ್ಲುತ್ತದೆ, ಸಣ್ಣ ಚುಕ್ಕಿ ಸೊನ್ನೆ ಕಚ್ಚಿಕೊಳ್ಳುವುದು ಕಷ್ಟ. ತಗೊಳ್ಳುವಾಗಲೇ ಉಗುರಿನಿಂದ ಸವರಿ ನೋಡಿ, ಅಂಚು ಸಿಕ್ಕಿಬಿದ್ದರೆ ಅಲ್ಲೇ ಮತ್ತೆ ತಟ್ಟಿಸಿಕೊಳ್ಳಿ.

ಅಂಗಡಿಗೆ ಫೋನ್ ಮಾಡಿದೆ. ಅಪರೂಪಕ್ಕೆ ಚಾಚಾ ಎತ್ತಿದರು. ಹೀಗೆ ಹೀಗೆ ಅಂದೆ. ನಕ್ಕರು. ‘ತಗೊಂಡ್ ಬಾ ಬೇಟಾ, ಕುಂದ್ರಿಸಿ ಕೊಡ್ತೀನಿ. ಸೊನ್ನೀಗಿ ಏನ್ ರೊಕ್ಕ ತಗೋಬೇಕು?’

ಚಿಂಚೋಳಿ ಕೊಡಲು ಒಪ್ಪುತ್ತಿಲ್ಲ. 41 ದಿನ ಅದನ್ನು ಮತ್ತೆ ಬಿಟ್ಟಿರಲು ಆಗುವುದಿಲ್ಲವಂತೆ.

ಐದಕ್ಕೆ ನಾಲ್ಕು ಸ್ಟಾರ್. ಕಡಿಮೆಯಾದ ಒಂದು ಸೊನ್ನೆಗಲ್ಲ, ಒಂಬತ್ತು ನಾಳೆಗಳಿಗೆ.