ರುಮಟಾಲಜಿ ಡಾಕ್ಟ್ರಿಗೆ ಫುಲ್ ಮಾರ್ಕ್ಸು, ಫಾರ್ಮಸಿಗೆ ಸೊನ್ನೆ

ನಮ್ಮ ಅಕ್ಕಂಗೆ ಟಕಯಾಸು ಆರ್ಟರೈಟಿಸ್. ದೊಡ್ಡ ರಕ್ತನಾಳದ ಗೋಡೆ ಊದ್ಕೊಂಡು ಒಳಗಿನ ದಾರಿ ಸಣ್ಣ ಆಗ್ತಾ ಹೋಗತ್ತೆ, ಜಾಸ್ತಿ ಬರೋದು 40ರ ಒಳಗಿನ ಹೆಣ್ಮಕ್ಕಳಿಗೇ. ಇವಳಿಗೆ ಕತ್ತಿನ ಕರೋಟಿಡ್ ನಾಳಗಳೇ ಕಿರಿದಾಗಿ ಮೆದುಳಿಗೆ ರಕ್ತ ಸಾಲ್ತಿರ್ಲಿಲ್ಲ, ಎದ್ದು ನಿಂತ್ರೆ ತಲೆಸುತ್ತು, ಬಟ್ಟೆ ಒಣಗಾಕ್ತಾ ಕಣ್ಣು ಮಂಜು. ಬೇರೆ ಕಡೆ ಎಲ್ಲಾ ಬಿಪಿ ಲೋ, ವೀಕ್ನೆಸ್ಸು ಅಂತ ಟಾನಿಕ್ ಬರ್ಕೊಟ್ಟು ಕಳಿಸಿದ್ರು.

ಇಲ್ಲಿ ರುಮಟಾಲಜಿ (ಕೀಲು, ರಕ್ತನಾಳದ ಉರಿಯೂತದ ಕಾಯಿಲೆ ನೋಡೋ ವಿಭಾಗ) ಮೇಡಮ್ಮು ಮೊದ್ಲು ಎರಡೂ ಕೈ ಹಿಡಿದು ನಾಡಿ ನೋಡಿದ್ರು, ಎಡಗೈಲಿ ಸಿಗ್ಲೇ ಇಲ್ಲ. ಕತ್ತಿನ ಮೇಲೆ ಸ್ಟೆತ್ ಇಟ್ಟು ತುಂಬಾ ಹೊತ್ತು ಕೇಳಿ, ದೊಡ್ಡ ಪಟ್ಟಿ ತರಿಸಿ ತೊಡೆಗೆ ಕಟ್ಟಿ ಬಿಪಿ ನೋಡಿದ್ರು. ಕೈಲಿ ಲೋ ಅಂತಿದ್ದಿದ್ದು ಕಾಲಲ್ಲಿ ಹೈ! ಕೈಗೆ ಹೋಗೋ ನಾಳನೇ ಕಟ್ಕೊಂಡಿದ್ರೆ ಅಲ್ಲಿ ಬರೋ ನಂಬರ್ ನಂಬೋ ಹಾಗೇ ಇಲ್ವಂತೆ. ಆಮೇಲೆ ಉರಿಯೂತ ಎಷ್ಟಿದೆ ಅಂತ ನೋಡೋ ಇಎಸ್ಆರ್, ಸಿಆರ್‌ಪಿ ರಕ್ತ ಪರೀಕ್ಷೆ, ರಕ್ತನಾಳ ತೋರಿಸೋ ಸಿಟಿ ಆಂಜಿಯೋ ಸ್ಕ್ಯಾನು.

ಭಾವ ಸ್ಟೆಂಟ್ (ನಾಳ ತೆರೆದಿಡೋ ಸಣ್ಣ ಜಾಲರಿ ಕೊಳವೆ) ಹಾಕ್ಬಿಡಿ ಅಂತ ಒಂದೇ ಹಟ. ಮೇಡಮ್ಮು, ನಾಳದಲ್ಲಿ ಉರಿಯೂತ ಇರೋವಾಗ ಹಾಕಿದ್ರೆ ಮತ್ತೆ ಮುಚ್ಕೊಳೋ ಚಾನ್ಸ್ ಜಾಸ್ತಿ, ಮೊದ್ಲು ಅದು ತಣ್ಣಗಾಗ್ಲಿ, ಅಲ್ದೆ ರಕ್ತ ಕಮ್ಮಿ ಬರ್ತಿದ್ದ ಮೆದುಳಿಗೆ ಒಂದೇ ಸಲ ನುಗ್ಗಿಸಿದ್ರೆ ಬ್ಲೀಡಿಂಗ್ ಆಗೋ ಭಯಾನೂ ಇರತ್ತೆ ಅಂತ ಕೂರಿಸ್ಕೊಂಡು ಕನ್ನಡದಲ್ಲೇ ಹೇಳಿದ್ರು. ಆಪರೇಷನ್ ಮಾಡಿ ಬಿಲ್ ಏರಿಸೋ ಕಾಲದಲ್ಲಿ ಹಿಂಗೆ ತಡೆಯೋರು ಎಷ್ಟು ಜನ ಸಿಗ್ತಾರೆ ಹೇಳಿ. ಪ್ರೆಡ್ನಿಸೋಲೋನ್ ಅನ್ನೋ ಸ್ಟೀರಾಯ್ಡು, ರೋಗನಿರೋಧಕ ಶಕ್ತಿಯ ಅಬ್ಬರ ತಗ್ಗಿಸೋ ಮೆಥೊಟ್ರೆಕ್ಸೇಟ್, ಆಸ್ಪಿರಿನ್ ಶುರು ಮಾಡಿದ್ರು. ಬಿಪಿ ಮಾತ್ರೆ ಕೂಡ ನಿಧಾನಕ್ಕೇ ಏರಿಸಿದ್ರು, ದಡಕ್ಕಂತ ಇಳಿಸಿದ್ರೆ ಮೆದುಳಿಗೆ ಬರೋ ಚೂರುಪಾರು ರಕ್ತಾನೂ ಕಮ್ಮಿ ಆಗತ್ತಂತೆ. ಈಗ ತಲೆಸುತ್ತು ಬಹಳ ಕಮ್ಮಿ. ಸ್ಟೀರಾಯ್ಡಿಂದ ಮುಖ ಊದಿದೆ, ಅದಕ್ಕೆ ಅಕ್ಕನ ಗೊಣಗಾಟ ಇದ್ದೇ ಇದೆ, ಆದ್ರೂ ನಾವಾಗ್ ನಾವೇ ನಿಲ್ಲಿಸಂಗಿಲ್ಲ.

ಇನ್ನು ಬೈಗುಳ. ಬೆಳಿಗ್ಗೆ ಟೋಕನ್ ಕೊಟ್ಟು ಊಟ ಆದ್ಮೇಲೆ ಕರೀತಾರೆ, ಕೂರೋಕೆ ಚೇರಿಲ್ಲ, ತಲೆ ಸುತ್ತೋ ಪೇಶೆಂಟ್ ನಿಂತಿರ್ಬೇಕು. ಫಾರ್ಮಸಿ ಕಥೆ ಇನ್ನೂ ಮೋಸ, ವಾರಕ್ಕೆ ಒಂದೇ ದಿನ ತಗೊಳೋ ಮೆಥೊಟ್ರೆಕ್ಸೇಟ್ ಕವರ್ ಮೇಲೆ ದಿನಾ ರಾತ್ರಿ ಒಂದು ಅಂತ ಗೀಚಿದ್ರು, ಆ ಮಾತ್ರೆ ದಿನಾ ನುಂಗಿದ್ರೆ ಜೀವಕ್ಕೇ ಅಪಾಯ! ಪುಣ್ಯಕ್ಕೆ ಮೇಡಮ್ ಚೀಟಿಲಿ ಭಾನುವಾರ ಮಾತ್ರ ಅಂತ ದಪ್ಪಕ್ಷರದಲ್ಲಿ ಬರ್ದು ಗೆರೆ ಎಳೆದಿದ್ರು. ಕೌಂಟರಲ್ಲಿ ಕೇಳಿದ್ರೆ ಸಾರಿ ಕೂಡ ಇಲ್ಲ, ಪೆನ್ ತಗೊಂಡು ತಿದ್ದಿ ನೆಕ್ಸ್ಟ್ ಅಂದ.

ಡಾಕ್ಟ್ರಿಗೆ 5, ಆಸ್ಪತ್ರೆಗೆ 3. ಹೋಗೋರು ಹಳೇ ಆಂಜಿಯೋ ಸಿಡಿ ತಗೊಂಡೋಗಿ, ಬರೀ ರಿಪೋರ್ಟ್ ನೋಡಿ ಮೇಡಮ್ ಒಪ್ಪಲ್ಲ.