ಮಿಕ್ಸಿ ಇಲ್ಲದ ವಾರ: ಲಟ್ಟಣಿಗೆಯೋ, ಚರಿಗೆಯೋ, ಕುಟ್ಟಾಣಿಯೋ?

ಕಲಬುರಗಿಯ ಮೇ ತಿಂಗಳು. ಮಿಕ್ಸಿಯಿಂದ ಸುಟ್ಟ ವಾಸನೆ ಬಂದು ಮೋಟಾರು ನಿಂತೇ ಹೋಯಿತು. ರಿಪೇರಿಗೆ ಒಂದು ವಾರ ಬೇಕು ಅಂದರು. ಇತ್ತ ಎಣ್ಣೆಗಾಯಿಗೆ ಬದನೆಕಾಯಿ ಸೀಳಿ ನೀರಲ್ಲಿ ಹಾಕಿಯಾಗಿತ್ತು. ಶೇಂಗಾ ಪುಡಿ ಡಬ್ಬಿಯಲ್ಲಿತ್ತು, ಮಸಾಲೆ ಮಾತ್ರ ಇಡೀ ಕಾಳು. ಹಾಗಾಗಿ ಆ ವಾರ ಪೂರ್ತಿ ಕೈಗೆ ಸಿಕ್ಕಿದ್ದರಿಂದಲೇ ಕುಟ್ಟಿ ನೋಡಿದೆ.

ಪ್ರತಿ ಸಲ ಅಳತೆ ಒಂದೇ: ಎರಡು ಚಮಚ ಹವೀಜ (ಧನಿಯಾ ಅಂದರೂ ಇದೇ), ಒಂದು ಚಮಚ ಜೀರಿಗೆ, ಹತ್ತು ಕರಿಮೆಣಸು, ನಾಲ್ಕು ಲವಂಗ, ಬೆರಳುದ್ದದ ಚಕ್ಕೆ.

ಮೊದಲು ಲಟ್ಟಣಿಗೆ. ತೊಳೆದು ಒಣಗಿಸಿದ ದಪ್ಪ ಹಾಲಿನ ಕವರಿನಲ್ಲಿ ಎಲ್ಲವನ್ನೂ ಹಾಕಿ, ಗಾಳಿ ತೆಗೆದು, ಚಪಾತಿ ಮಣೆ ಮೇಲೆ ಉರುಳಿಸಿದೆ. ಹವೀಜ ಚೆನ್ನಾಗಿ ಒಡೆಯಿತು, ಅದು ಒಳಗೆ ಟೊಳ್ಳು ಅಲ್ವಾ. ಮೆಣಸು ಮಾತ್ರ ಗೋಲಿಯಂತೆ ಜಾರಿಕೊಂಡು ಓಡಾಡಿತು. ಉರುಳಿಸುವ ಮೊದಲು ಲಟ್ಟಣಿಗೆಯ ತುದಿಯಿಂದ ಗುದ್ದಿದರೆ ಅದೂ ಒಡೆಯುತ್ತದೆ. ಆದರೆ ಚಕ್ಕೆಯ ಚೂಪು ತುದಿ ಕವರು ತೂರಿ ಹೊರಗೆ ಬಂತು. ಅರ್ಧ ಮಸಾಲೆ ಮಣೆ ಪಾಲು.

ಎರಡನೇ ದಿನ ಹಿತ್ತಾಳೆ ಚರಿಗೆ (ತಂಬಿಗೆ ಅಂದರೂ ಇದೇ). ತಾಟಿನಲ್ಲಿ ಕಾಳು ಹರಡಿ ಚರಿಗೆಯ ತಳದಿಂದ ಕುಟ್ಟಿದೆ. ಕಾಳು ಹಾರಿ ಒಲೆ ಹಿಂದೆ ಹೋಯಿತು. ಸದ್ದಿಗೆ ಕೆಳಗಿನ ಮನೆಯ ಆಯಿ ಮೇಲೆ ಬಂದರು. ‘ಯವ್ವಾ, ಮನಿ ಕೆಡವಲಾಕತ್ತೀ ಏನು?’ ತಾಟಿಗೆ ಕೈ ಹಾಕಿ ಒಂದು ಕಾಳು ಬಾಯಿಗೆ ಇಟ್ಟುಕೊಂಡು, ‘ಹಸೀ ಅದಾವ. ಮೊದಲ ಹುರಕೋ, ಆರಲಿ, ಆಮ್ಯಾಲ ಕುಟ್ಟು. ಬಡೀಬ್ಯಾಡ, ಒತ್ತಿ ತಿರುವು’ ಅಂದರು.

ಇಡೀ ವಾರದ ಪಾಠ ಅಲ್ಲಿತ್ತು. ಸಣ್ಣ ಉರಿಯಲ್ಲಿ ಹಂಚಿನ ಮೇಲೆ ಘಮ ಬರುವವರೆಗೆ ಹುರಿದರೆ ತೇವ ಹೋಗಿ ಕಾಳು ಗರಿಗರಿ ಆಗುತ್ತದೆ. ಪೂರ್ತಿ ಆರಬೇಕು. ಬಿಸಿ ಇರುವಾಗಲೇ ಕವರಿಗೆ ಹಾಕಿದರೆ ಒಳಗೆ ಬೆವರಿ ಮತ್ತೆ ಮೆತ್ತಗಾಗುತ್ತದೆ, ಅದನ್ನೂ ಒಮ್ಮೆ ಮಾಡಿ ನೋಡಿದ್ದೇನೆ. ಹುರಿದ ಮೇಲೆ ಅದೇ ಚರಿಗೆಯಿಂದ ಒತ್ತಿ ತಿರುವಿದರೆ ಮೆಣಸು ಕರಕ್ ಅಂತ ಎರಡು ಹೋಳಾಗುತ್ತದೆ, ಹಾರುವುದಿಲ್ಲ. ಜೀರಿಗೆಯಂತೂ ಸಲೀಸು. ಭಾರ ಚರಿಗೆಯದು, ನಮ್ಮ ತೋಳಿಗೆ ಶ್ರಮ ಕಡಿಮೆ.

ಎರಡು ಚಮಚಗಳ ನಡುವೆ ಕಾಳಿಟ್ಟು ಒತ್ತುವ ಉಪಾಯ ಏಲಕ್ಕಿಗೆ ಸರಿ, ಅಷ್ಟೇ.

ನೆಲದ ಮೇಲೇ ಕುಟ್ಟಿಬಿಡೋಣ ಅಂತ ಒಂದು ಗಳಿಗೆ ಅನಿಸಿತ್ತು. ನಮ್ಮ ಮನೆಯಲ್ಲಿ ಶಹಾಬಾದ್ ಕಲ್ಲಿನ ನೆಲ, ಸಮವಾಗಿದೆ, ತಂಪಾಗಿದೆ. ಆದರೆ ಅದು ಸುಣ್ಣದ ಕಲ್ಲು, ಒರಳಿನ ಕಲ್ಲಿನಷ್ಟು ಗಟ್ಟಿಯಲ್ಲ. ಸವೆದ ಪುಡಿ ಊಟಕ್ಕೆ ಬೇಡ ಅಂತ ಬಿಟ್ಟೆ. ದಪ್ಪ ಬಟ್ಟೆ ಮಡಚಿ, ಅದರ ಮೇಲೆ ತಾಟು ಇಟ್ಟು ಅಲ್ಲೇ ಕೂತು ಕುಟ್ಟಿದೆ. ಆಯಿ ಮತ್ತೆ ಮೇಲೆ ಬರಲಿಲ್ಲ.

ಕೊನೆಗೆ ಆಯಿಯವರ ಕಬ್ಬಿಣದ ಕುಟ್ಟಾಣಿ. ಎಲೆ ಅಡಿಕೆ ಕುಟ್ಟುವ ಅದಕ್ಕೆ ಸುಣ್ಣದ ವಾಸನೆ ಇತ್ತು, ತೊಳೆದು ಒಂದು ಹಿಡಿ ಅಕ್ಕಿ ಕುಟ್ಟಿ ಚೆಲ್ಲಿದ ಮೇಲೆ ಹೋಯಿತು. ಒಂದು ಚಿಟಿಕೆ ಕಲ್ಲುಪ್ಪು ಸೇರಿಸಿದರೆ ಅದು ಮರಳಿನಂತೆ ಉಜ್ಜಿ ಲವಂಗವನ್ನೂ ನುಣ್ಣಗೆ ಮಾಡಿತು. ಪುಡಿಯ ವಿಷಯಕ್ಕೆ ಇದರ ಮುಂದೆ ಉಳಿದದ್ದೆಲ್ಲ ಆಟ. ಆದರೆ ಬಾಯಿ ಸಣ್ಣದು, ಒಮ್ಮೆಗೆ ಒಂದೇ ಚಮಚ. ಅಷ್ಟು ಮಸಾಲೆ ಮುಗಿಯಲು ಹನ್ನೆರಡು ನಿಮಿಷ ಬೇಕಾಯಿತು, ಚರಿಗೆಗೆ ಐದು.

ಎಣ್ಣೆಗಾಯಿಗೆ ನುಣ್ಣನೆ ಪುಡಿ ಬೇಕೇ ಇಲ್ಲ, ತರಿ ತರಿ ಇದ್ದರೆ ಜೋಳದ ರೊಟ್ಟಿ ಜೊತೆ ಹಲ್ಲಿಗೆ ಸಿಗುತ್ತದೆ. ಅದಕ್ಕೇ ನನ್ನ ಓಟು ಚರಿಗೆಗೆ. ಚಾದ ಮಸಾಲೆಗಾದರೆ ಕುಟ್ಟಾಣಿಯೇ. ಚಕ್ಕೆ ಮಾತ್ರ ಯಾವುದಕ್ಕೂ ಪೂರ್ತಿ ಬಗ್ಗಲಿಲ್ಲ. ಮೂರನೇ ದಿನದಿಂದ ಸುಮ್ನೆ ಇಡಿಯಾಗಿ ಎಣ್ಣೆಗೆ ಹಾಕಿ, ಉಣ್ಣುವಾಗ ತೆಗೆದು ತಾಟಿನ ಅಂಚಿಗಿಟ್ಟೆವು.