ಅಡಿಗೆಮನೆ ಗೋಡೆಗೆ ಸ್ಟಿಕರ್ರಾ, ಫ್ರೇಮಾ, ಚಿತ್ತಾರವಾ?

ದಾವಣಗೆರೆಯಲ್ಲಿ ಬಾಡಿಗೆ ಮನೆ ಹಿಡಿದ ತಂಗಿ ಕೇಳಿದಳು: "ಅಕ್ಕ, ಅಡಿಗೆಮನೆ ಗೋಡೆ ಬೋಳಾಗಿದೆ. ಕಡಿಮೆ ಖರ್ಚಲ್ಲಿ ಏನು ಹಾಕಲಿ?"

ಮೊದಲು ಜಿಡ್ಡಿನ ಮಾತು. ಮಂಡಕ್ಕಿ ಒಗ್ಗರಣೆ, ಮಿರ್ಚಿ ಮಾಡುವ ಮನೆ ಅಲ್ವಾ? ವಿನೈಲ್ ಸ್ಟಿಕರ್ ಆದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಆದರೆ ಒಲೆ ಹಿಂದೆ ಮಾತ್ರ ಬೇಡ. ನಮ್ಮನೆಯದು ಬಿಸಿಗೆ ಅಂಚು ಮುದುರಿತು. ಎದ್ದ ಅಂಟಿಗೆ ಧೂಳು ಮೆತ್ತಿ ಸುತ್ತಲೂ ಕಪ್ಪು ಗೆರೆ ಆಯಿತು. ಗಾಜಿನ ಫ್ರೇಮನ್ನೂ ಒರೆಸಬಹುದು. ಹಿಂದಿನ ರಟ್ಟು ತೇವಕ್ಕೆ ಉಬ್ಬುತ್ತದೆ, ಸಿಂಕಿನಿಂದ ದೂರ ಇರಲಿ.

ಖರ್ಚಲ್ಲಿ ಫ್ರೇಮೇ ಜಾಸ್ತಿ. ನೀನೇ ತೆಗೆದ ಚಿತ್ರದುರ್ಗದ ಕೋಟೆ ಫೋಟೊ ಪ್ರಿಂಟ್ ಹಾಕಿಸಿದರೆ ಚಿತ್ರದ ದುಡ್ಡಾದರೂ ಉಳಿಯುತ್ತದೆ.

ಕೈ ಓಡುವುದಾದರೆ ಮಲೆನಾಡಿನ ಹಸೆ ಚಿತ್ತಾರದ ದಾರಿ ಇದೆ. ಕೆಮ್ಮಣ್ಣಿನ ಬಣ್ಣದ ಮೇಲೆ ಬಿಳಿ ಗೆರೆ. ಅಲ್ಲಿ ಬಿಳಿಗೆ ಅಕ್ಕಿ ಹಿಟ್ಟು ಬಳಸುತ್ತಾರೆ. ಅಡಿಗೆಮನೆಯಲ್ಲಿ ಅದು ಜಿರಳೆಗೆ ಊಟ ಹಾಕಿದಂತೆ! ಅಕ್ರಿಲಿಕ್ ಬಣ್ಣ ತಗೋ.

ಬಾಡಿಗೆ ಮನೆಯಲ್ಲಿ ಸ್ಟಿಕರ್ ಕೀಳುವಾಗ ಡಿಸ್ಟೆಂಪರ್ ಕೂಡ ಕಿತ್ತು ಬರಬಹುದು. ನಿನಗೆ ಮೊಳೆಗೆ ನೇತುಹಾಕುವ ಫ್ರೇಮೋ, ಪ್ಲೈವುಡ್ ತುಂಡಿನ ಮೇಲೆ ಬರೆದ ಚಿತ್ತಾರವೋ ಸರಿ. ಮನೆ ಬಿಡುವಾಗ ಜೊತೆಗೇ ಒಯ್ಯಬಹುದು. ಗೋಡೆಗೆ ಟೈಲ್ಸ್ ಇದ್ದು, ಮೊಳೆ ಹೊಡೆಯಬೇಡಿ ಅಂತ ಓನರ್ ಹೇಳಿದ್ದರೆ ಸ್ಟಿಕರ್ರೇ ಗತಿ.